ಚಿಲ್ಲರೆ ಡಬ್ಬಿ

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಚಿಲ್ಲರೆ ವಿಂಗಡಿಸಿದವನು ನಾನು. ಮೊನ್ನೆ ಕೊಳ್ಳೇಗಾಲದ ಮನೆ ಜಗಲಿಯಲ್ಲಿ ಆರು ವರ್ಷದ ಮೊಮ್ಮಗಳ ಮುಂದೆ ಡಬ್ಬಿ ಸುರಿದು, "ಒಂದೇ ಥರದವನ್ನ ಒಟ್ಟಿಗೆ ಇಡು ಪುಟ್ಟಿ" ಎಂದೆ. ಒಂದು, ಎರಡು, ಐದು ರೂಪಾಯಿ ಎಲ್ಲ ಬೆರೆಸಿ ಮೂರು ಗುಡ್ಡೆ ಮಾಡಿದಳು. "ತಪ್ಪು!" ಎಂದು ಗದರಿಬಿಟ್ಟೆ. ಕಣ್ಣಲ್ಲಿ ನೀರು.

"ತಾತ, ಇದ್ರಲ್ಲಿ ನಕ್ಷತ್ರ, ಇದ್ರಲ್ಲಿ ಚುಕ್ಕಿ, ಇದ್ರಲ್ಲಿ ಏನೂ ಇಲ್ಲ."

ಕನ್ನಡಕ ಹಾಕಿ ನೋಡಿದೆ. ಇಸವಿಯ ಕೆಳಗೆ ಟಂಕಸಾಲೆಯ ಗುರುತು! ನಕ್ಷತ್ರ ಹೈದರಾಬಾದಿನದು, ಚುಕ್ಕಿ ನೋಯ್ಡಾದ್ದು, ಗುರುತಿಲ್ಲದ್ದು ಕೋಲ್ಕತ್ತದ್ದು. ಬೆಲೆ ನೋಡಿ ಎಣಿಸಿದ್ದೇ ಹೊರತು ಇದನ್ನು ನಾನು ಗಮನಿಸಿದ್ದಿಲ್ಲ. ಯಾವ ಲೆಕ್ಕದಲ್ಲಿ ಜೋಡಿಸಿದೆ ಮಗಳೇ ಎಂದು ಮೊದಲು ಕೇಳಬೇಕಿತ್ತು.

ಈಗ ದಿನಾ ಸಂಜೆ ಅದೇ ನಾಣ್ಯ, ಮೊದಲು ಅವಳ ಗುಡ್ಡೆ, ಆಮೇಲೆ ನನ್ನ ಗುಡ್ಡೆ. ನಿನ್ನೆ ಮುಂಬೈಯ ವಜ್ರದ ಗುರುತು ಸಿಕ್ಕಿತು. ನನ್ನ ಎಲೆಯಡಿಕೆ ತಟ್ಟೆ ಖಾಲಿ ಮಾಡಿ ಅದಕ್ಕೆ ಜಾಗ ಮಾಡಿದ್ದಾಳೆ.