ಖಂಬಾಟ್ಕಿ ಇಳಿದ ಮೇಲೆ ಕಂಡ ನೀಲಿ ಹೊಗೆ

ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿ.ಮೀ. ಪುಣೆಯಲ್ಲಿ ನೆಲೆಸಿರುವ ನಮ್ಮ ಕಡೆಯವರಿಗೆಲ್ಲ ಈ ದಾರಿ ಬಾಯಿಪಾಠ. ಕಾತ್ರಜ ದಾಟಿದರೆ ಊರು ಬಿಟ್ಟ ಹಾಗೆ, ಕರಾಡದಲ್ಲಿ ಕೊಯ್ನಾ ಕಂಡರೆ ಅರ್ಧ ದಾರಿ ಆಗುತ್ತಾ ಬಂದ ಹಾಗೆ, ಕೊಗನೊಳ್ಳಿ ದಾಟಿ ಕನ್ನಡದ ಬೋರ್ಡು ಕಂಡರೆ ಮನೆ ಮುಟ್ಟಿದ ಹಾಗೆ. ಈ ರಸ್ತೆಯ ಬಗ್ಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ ಎಂದುಕೊಂಡಿದ್ದೆ. 2023ರ ದಸರೆಗೆ ಅವ್ವನನ್ನು ಹಳೆಯ ಕಾರಿನಲ್ಲಿ ಕೂಡಿಸಿಕೊಂಡು ಹೊರಟಾಗ ಅದೇ ರಸ್ತೆ ನನಗೆ ಒಂದು ಪಾಠ ಹೇಳಿತು.

ಕಾರು ಅಪ್ಪನದು. 2006ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಗಾಡಿ, ಆಗ ಓಡಿದ್ದು 1,62,000 ಕಿ.ಮೀ. ಅಪ್ಪ ನಿವೃತ್ತರಾಗಿ ಪುಣೆಗೆ ನಮ್ಮ ಹತ್ತಿರ ಬಂದ ಮೇಲೆ ಕೊಂಡದ್ದು. ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಆಯಿಲ್ ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರ್, ಆಯಿಲಿನ ದರ್ಜೆ, ಎಲ್ಲ ಅದರಲ್ಲಿ. ಕೊನೆಯ ಸಾಲು 2019ರದು. 2020ರ ಮೊದಲಲ್ಲಿ ಅಪ್ಪ ಹೋದರು, ಹಿಂದೆಯೇ ಲಾಕ್‌ಡೌನ್ ಬಂತು, ಕಾರು ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದೂವರೆ ವರ್ಷ ನಿಂತಿತು. 2021ರಲ್ಲಿ ನೋಂದಣಿಯ 15 ವರ್ಷ ಮುಗಿದಾಗ ಹಸಿರು ತೆರಿಗೆ ಕಟ್ಟಿ ನವೀಕರಿಸಿದೆ. ಬ್ಯಾಟರಿ ಹೊಸದು ಹಾಕಿಸಿದೆ, ಟೈರಿಗೆ ಗಾಳಿ ತುಂಬಿಸಿದೆ. ಆಯಿಲ್ ಮಾತ್ರ ಹಾಗೇ ಬಿಟ್ಟೆ. ‘ಗಾಡಿ ಓಡೇ ಇಲ್ಲವಲ್ಲ, ಎಣ್ಣೆ ಹೇಗೆ ಕೆಟ್ಟೀತು?’ ಎಂಬುದು ನನ್ನ ಲೆಕ್ಕ. ಆ ಆಯಿಲಿನ ಮೇಲೆಯೇ ನಾಲ್ಕು ತಿಂಗಳು ಓಡಿಸಿದೆ.

ಆ ಲೆಕ್ಕ ತಪ್ಪು. ನಿಂತ ಇಂಜಿನ್ನಿನ ಆಯಿಲಿಗೆ ತೇವ ಸೇರುತ್ತದೆ, ಹಿಂದೆ ಉರಿದ ಪೆಟ್ರೋಲಿನಿಂದ ಬಂದ ಆಮ್ಲದ ಅಂಶ ಅದರಲ್ಲೇ ಉಳಿದಿರುತ್ತದೆ. ಒಳಗಿನ ರಬ್ಬರ್ ಸೀಲುಗಳು ವಯಸ್ಸಿನಿಂದ, ಶಾಖದಿಂದ ಬಿರುಸಾಗುತ್ತವೆ. ಆದ್ದರಿಂದಲೇ ಮ್ಯಾನುಯಲ್ ಪುಸ್ತಕದಲ್ಲಿ ‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂದು ಬರೆದಿರುತ್ತದೆ. ಆ ‘ಅಥವಾ’ವನ್ನು ನಾನು ಓದಿರಲಿಲ್ಲ.

2023ರ ಹೊತ್ತಿಗೆ ಆಯಿಲ್ ಇಳಿಯತೊಡಗಿತ್ತು. ಕೆಳಗೆ ಸೋರಿದ ಕಲೆ ಇಲ್ಲ, ಆದರೂ ತಿಂಗಳಿಗೊಮ್ಮೆ ಕಡ್ಡಿ ತೆಗೆದು ನೋಡಿದರೆ ಮಟ್ಟ ಕಡಿಮೆ. ನಮ್ಮ ಓಣಿಯ ಗ್ಯಾರೇಜಿನವನು, ‘20W-50 ಹಾಕಿಬಿಡಿ, ಗಟ್ಟಿ ಆಯಿಲ್, ಕುಡಿಯುವುದು ನಿಲ್ಲುತ್ತದೆ’ ಎಂದ. ಆಫೀಸಿನ ಗೆಳೆಯ, ‘ಪೂರ್ತಿ ಸಿಂಥೆಟಿಕ್ 5W-30 ಹಾಕು, ಇಂಜಿನ್ ಹೊಸದರ ಹಾಗಾಗುತ್ತೆ’ ಎಂದ. ತಮ್ಮ ಧಾರವಾಡದಿಂದ ಫೋನಿನಲ್ಲಿ, ‘ಮಾರಿ ಬಿಡಣ್ಣ, ಅವ್ವನ್ನ ಅದರಾಗ ಕರಕೊಂಡು ಬರಬ್ಯಾಡ’ ಎಂದ. ಅವ್ವನಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರಳು. ಬಾಡಿಗೆ ಕಾರು ಅವಳಿಗೆ ಬೇಡ. ‘ಅವರ ಗಾಡಿ ಐತಲ್ಲ’ ಎಂಬುದೊಂದೇ ಮಾತು.

ಹೊರಡುವ ಮುನ್ನಾದಿನ ನಾನಾ ಪೇಟೆಗೆ ಹೋದೆ. ಪುಣೆಯಲ್ಲಿ ಗಾಡಿಯ ಬಿಡಿಭಾಗಗಳು ಸಿಗುವ ಹಳೆಯ ಪೇಟೆ ಅದು. ಆಯಿಲ್ ಅಂಗಡಿಯ ಕಪಾಟಿನ ತುಂಬ ಅಂಕಿಗಳು: 5W-30, 10W-40, 15W-40, 20W-50. ಈ ಅಂಕಿಗಳನ್ನು ಅರ್ಥ ಮಾಡಿಕೊಳ್ಳಲು ನಮ್ಮ ಅಡುಗೆಮನೆ ಸಾಕು. ಬೆಲ್ಲದ ಪಾಕ ಒಲೆಯ ಮೇಲೆ ನೀರಾಗಿರುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಆಯಿಲೂ ಹಾಗೆಯೇ. W ಅಂದರೆ ಚಳಿಗಾಲ. ಅದರ ಎಡಗಡೆಯ ಅಂಕಿ, ತಣ್ಣಗಿರುವ ಇಂಜಿನ್ನಿನಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ. ಚಿಕ್ಕದಿದ್ದಷ್ಟೂ ಬೇಗ ಹರಿಯುತ್ತದೆ. ಬಲಗಡೆಯ ಅಂಕಿ 100 ಡಿಗ್ರಿಗೆ ಕಾದಾಗ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎನ್ನುವುದಕ್ಕೆ. 30 ಒಂದೆಳೆ ಪಾಕವಾದರೆ 50 ಎರಡೆಳೆ ಪಾಕ.

ಅಂಗಡಿಯವರು ವಯಸ್ಸಾದ ಮನುಷ್ಯ. ಯಾವ ಡಬ್ಬಿಯನ್ನೂ ಮುಂದೆ ಮಾಡಲಿಲ್ಲ. ‘ಪುಸ್ತಕದಲ್ಲಿ ಏನಿದೆ? ಈಗ ಒಳಗೆ ಏನಿದೆ?’ ಎಂದು ಮರಾಠಿಯಲ್ಲಿ ಕೇಳಿದರು. ಪುಸ್ತಕದಲ್ಲಿ ಹೊರಗಿನ ಹವೆಗೆ ತಕ್ಕ ಪಟ್ಟಿ ಇತ್ತು. ನಮ್ಮ ಹವೆಗೆ ಬರುವ ದರ್ಜೆಗಳಲ್ಲಿ ಬಲಗಡೆ 40 ಇತ್ತು. ಅಪ್ಪನ ನೋಟ್‌ಬುಕ್ಕಿನಲ್ಲಿ ಮೊದಲಿನಿಂದ ಕೊನೆಯವರೆಗೆ 20W-40. ‘ಹಾಗಾದರೆ ದಾರಿಗೆ ಅದೇ ಒಂದು ಲೀಟರ್ ಇಟ್ಟುಕೊಳ್ಳಿ. ಬದಲಿಸುವುದನ್ನು ಊರಿಂದ ಬಂದ ಮೇಲೆ ಯೋಚಿಸಿ’ ಎಂದರು.

ಮರುದಿನ ಬೆಳಿಗ್ಗೆ ಐದಕ್ಕೆ ಹೊರಟೆವು. ಆಗ ಪುಣೆಯಿಂದ ದಕ್ಷಿಣಕ್ಕೆ ಹೋಗುವವರು ಖಂಬಾಟ್ಕಿ ಘಾಟನ್ನು ಹತ್ತಿಯೇ ಇಳಿಯಬೇಕಿತ್ತು. ಸುರಂಗ ಇದ್ದದ್ದು ಸಾತಾರಾ ಕಡೆಯಿಂದ ಪುಣೆಗೆ ಬರುವವರಿಗೆ. ಎರಡನೆಯ ಗೇರಿನಲ್ಲಿ ಹತ್ತುವಾಗ ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದೆ. ಹೊಗೆ ಇಲ್ಲ. ಮೇಲೆ ಮುಟ್ಟಿ, ಆಕ್ಸಿಲರೇಟರ್ ಬಿಟ್ಟು, ಗೇರಿನ ಹಿಡಿತದಲ್ಲೇ ಇಳಿದೆ. ಕೆಳಗೆ ರಸ್ತೆ ಸಮವಾದಲ್ಲಿ ಮತ್ತೆ ಒತ್ತಿದೆನೋ ಇಲ್ಲವೋ, ಹಿಂದಿನಿಂದ ಬುಸ್ಸೆಂದು ನೀಲಿ ಹೊಗೆ. ನಾಲ್ಕೈದು ಸೆಕೆಂಡು ಇದ್ದು ಮಾಯವಾಯಿತು. ಅವ್ವ ಕೇಳಿದಳು, ‘ಏನದು, ಸುಟ್ಟ ವಾಸನಿ?’ ‘ಲಾರಿದಬೇ’ ಎಂದು ಸುಳ್ಳು ಹೇಳಿದೆ.

ಸುರೂರ್ ಫಾಟಾದಲ್ಲಿ ಚಹಾಕ್ಕೆ ನಿಂತಾಗಲೂ, ಕರಾಡದಲ್ಲಿ ತಿಂಡಿಗೆ ನಿಂತಾಗಲೂ ಕಡ್ಡಿ ನೋಡಿದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡಬೇಕು. ಆಗಷ್ಟೇ ನಿಲ್ಲಿಸಿ ನೋಡಿದರೆ ಆಯಿಲ್ ಇನ್ನೂ ಮೇಲೆಯೇ ಇರುತ್ತದೆ, ಕಡ್ಡಿ ಸುಳ್ಳು ಹೇಳುತ್ತದೆ. ಕೊಲ್ಹಾಪುರ ದಾಟಿ ನಿಪ್ಪಾಣಿ ಮುಟ್ಟುವ ಹೊತ್ತಿಗೆ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಮುಂದೆ ಸ್ತವನಿಧಿಯ ಹತ್ತಿರ ತವಂದಿ ಘಾಟ್ ಬೇರೆ ಇದೆ. ಹೆದ್ದಾರಿಯ ಪಕ್ಕದ ಒಂದು ಗ್ಯಾರೇಜಿಗೆ ತಿರುಗಿಸಿದೆ.

ಮಿಸ್ತ್ರಿ ಬಾನೆಟ್ ಎತ್ತುವ ಮೊದಲೇ ಕೇಳಿದ, ‘ಹೊಗಿ ಯಾವಾಗ ಬರ್ತೈತ್ರಿ? ಏರೂವಾಗೋ, ಇಳದ ಮ್ಯಾಲೋ?’

ಆ ಒಂದು ಪ್ರಶ್ನೆಯನ್ನು ಪುಣೆಯಲ್ಲಿ ಯಾರೂ ನನಗೆ ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಘಾಟ್ ಹತ್ತುವಾಗ, ಇಂಜಿನ್ನಿನ ಮೇಲೆ ಭಾರ ಬಿದ್ದಾಗ ಒಂದೇ ಸಮನೆ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಅದು ದೊಡ್ಡ ಕೆಲಸ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿದ್ದರೆ ಗಾಳಿಯ ದಾರಿ ಮುಚ್ಚಿ ಒಳಗೆ ಜೋರಾದ ಎಳೆತ ಹುಟ್ಟುತ್ತದೆ. ವಾಲ್ವಿನ ಕಾಂಡಕ್ಕೆ ಹಾಕಿದ ರಬ್ಬರ್ ಸೀಲು ಬಿರುಸಾಗಿದ್ದರೆ ಆ ಎಳೆತಕ್ಕೆ ಆಯಿಲ್ ಜಿನುಗಿ ಸಿಲಿಂಡರಿಗೆ ಇಳಿಯುತ್ತದೆ. ಮತ್ತೆ ಒತ್ತಿದಾಗ ಅದೆಲ್ಲ ಒಮ್ಮೆಲೇ ಉರಿದು ಬುಸ್ಸೆನ್ನುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೂ ಹಾಗೇ ಬರುತ್ತದೆ, ರಾತ್ರಿಯೆಲ್ಲ ತೊಟ್ಟಿಕ್ಕಿರುತ್ತದಲ್ಲ. ಹೊಗೆ ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು ಉರಿಯುತ್ತಿದೆ, ಬೆಳ್ಳಗೆ ದಟ್ಟವಾಗಿ ನಿಲ್ಲದೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ನನ್ನದು ನೀಲಿ, ಅದೂ ಇಳಿದ ಮೇಲೆ.

‘ಗಟ್ಟಿ ಆಯಿಲ್ ಹಾಕಲ್ಯಾ?’ ಎಂದೆ.

‘ಹಾಕ್ರಿ, ಹೊಗಿ ಕಡಿಮಿ ಆಗ್ತೈತಿ. ಬ್ಯಾನಿ ಇರೂದು ಇರ್ತೈತಿ’ ಎಂದು ಕೈ ಒರೆಸಿಕೊಂಡ. ಸಣ್ಣ ಇಂಜಿನ್ನಿನಲ್ಲಿ ಆಯಿಲಿನ ದಾರಿಗಳೂ ಸಣ್ಣವು. ಬೇಕಾದ್ದಕ್ಕಿಂತ ಮಂದವಾದರೆ ಮುಂಜಾನೆ ತಣ್ಣಗಿರುವಾಗ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಏರಲು ತಡವಾಗುತ್ತದೆ, ಆ ಹೊತ್ತಿನಲ್ಲೇ ಸವೆತ ಹೆಚ್ಚು. ಅಂಬಾಸಿಡರ್, ಪದ್ಮಿನಿ ಕಾಲದ ಇಂಜಿನ್ನುಗಳಿಗೆ 20W-50 ಒಗ್ಗುತ್ತಿತ್ತು. ‘ಹಳೆ ಗಾಡಿಗೆ ಗಟ್ಟಿ ಎಣ್ಣೆ’ ಎಂಬ ಮಾತು ಆಗಿನಿಂದ ಉಳಿದುಕೊಂಡದ್ದು. ಅವನು ಅರ್ಧ ಲೀಟರ್ ಅದೇ 20W-40 ಸೇರಿಸಿ, ‘ಧಾರವಾಡಕ ಹೋಗಿ ಬರ್ರಿ, ಎರಡ್ನೂರು ಕಿಲೋಮೀಟರಿಗೊಮ್ಮೆ ಕಡ್ಡಿ ನೋಡ್ರಿ, ಪುಣೇಕ ಹೋಗಿ ಸೀಲ್ ಬದಲಿ ಮಾಡಸ್ರಿ’ ಎಂದ. ಅವ್ವ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಗಾಡಿ ಹೊರಟ ಮೇಲೆ, ‘ಲಾರಿದು ಅಂದಿ?’ ಎಂದಳು. ನಾನು ಒಂದೂವರೆ ವರ್ಷದ ಹಳೆಯ ಎಣ್ಣೆಯ ಕಥೆಯನ್ನೂ ಹೇಳಿದೆ. ಘಟಪ್ರಭಾ ದಾಟುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ, ‘ಅವರು ಬರದಿಟ್ಟಿದ್ದು ಓದಲಿಕ್ಕ ಅಲ್ಲೇನು?’ ಎಂದಷ್ಟೇ ಕೇಳಿದಳು.

ಖಂಡೇಪೂಜೆಯ ದಿನ ಧಾರವಾಡದ ಅಂಗಳದಲ್ಲಿ ಕಾರಿಗೆ ಚೆಂಡುಹೂವಿನ ಮಾಲೆ, ಗಾಲಿಗೆ ಲಿಂಬೆಹಣ್ಣು. ಈ ಸಲ ಪೂಜೆಗೆ ಮೊದಲು ಕಡ್ಡಿ ನೋಡಿದೆ. ಅದೇ ತಿಂಗಳ ಕೊನೆಗೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿದು ರಸ್ತೆಯಿಂದ ಇಳಿದ ಸುದ್ದಿ ಬಂತು. ತಮ್ಮ ಅದನ್ನು ನನಗೆ ಕಳಿಸಿದ, ಏನೂ ಬರೆಯದೆ.

ಪುಣೆಗೆ ಬಂದು ವಾಲ್ವ್ ಸೀಲುಗಳನ್ನು ಬದಲಿಸಿದೆ. ಇಂಜಿನ್ ಪೂರ್ತಿ ಬಿಚ್ಚಬೇಕಾಗಲಿಲ್ಲ. ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಹೊಸದು ಮಾಡಿ 10W-40 ಸೆಮಿ ಸಿಂಥೆಟಿಕ್ ಹಾಕಿಸಿದೆ. ಅದೂ ಪುಸ್ತಕದ ಪಟ್ಟಿಯಲ್ಲಿ ಇದ್ದದ್ದೇ. ಬಲಗಡೆಯ 40 ಮುಟ್ಟಲಿಲ್ಲ, ಎಡಗಡೆಯ 20ನ್ನು 10ಕ್ಕೆ ಇಳಿಸಿದೆ, ಮುಂಜಾನೆ ಬೇಗ ಏರಲಿ ಎಂದು. ಡಬ್ಬಿಯ ಮೇಲೆ ಪೆಟ್ರೋಲ್ ಗಾಡಿಯ ಗುರುತಾದ S ಅಕ್ಷರದ ದರ್ಜೆ ಇದೆಯೇ ನೋಡಿಕೊಂಡೆ. C ಇದ್ದರೆ ಡೀಸೆಲಿನದು. ಹೆಚ್ಚು ಓಡಿದ ಗಾಡಿಗೆಂದೇ ಬರುವ ಆಯಿಲುಗಳಲ್ಲಿ ಸೀಲುಗಳನ್ನು ಮೆತ್ತಗೆ ಮಾಡುವ ಅಂಶ ಸೇರಿಸಿರುತ್ತಾರೆ. ಸಣ್ಣ ಜಿನುಗಿಗೆ ಅವು ಉಪಯೋಗ, ಹರಿದ ಸೀಲಿಗೆ ಅಲ್ಲ. ಸಿಂಥೆಟಿಕ್ ಹಾಕಿದರೆ ಹಳೆ ಗಾಡಿ ಸೋರುತ್ತದೆ ಎಂಬುದು ಅರ್ಧ ಸತ್ಯ: ಕಿಲುಬು ಮುಚ್ಚಿಟ್ಟಿದ್ದ ಸಂದು ಸ್ವಚ್ಛವಾದಾಗ ಬಯಲಾಗುತ್ತದೆ, ಅಷ್ಟೇ. ಇನ್ನೊಂದು ಮಾತು: ಖಾಲಿ ಡಬ್ಬಿಗೆ ತೂತು ಮಾಡಿ ಎಸೆಯಿರಿ, ಇಲ್ಲವಾದರೆ ಅದು ಕಲಬೆರಕೆ ಆಯಿಲ್ ತುಂಬಿಕೊಂಡು ಮತ್ತೆ ಪೇಟೆಗೆ ಬಂದೀತು.

ಆ ದಸರೆಯಲ್ಲಿ ಹೋಗಿಬರುವ ಸುಮಾರು 850 ಕಿ.ಮೀ.ಗೆ ಕಾರು 600 ಮಿ.ಲೀ. ಆಯಿಲ್ ಕುಡಿದಿತ್ತು. ಮರುವರ್ಷದ ದಸರೆಗೆ ಅದೇ ದಾರಿಯಲ್ಲಿ 100 ಮಿ.ಲೀ. ಕೂಡ ಹಾಕಬೇಕಾಗಲಿಲ್ಲ. ಖಂಬಾಟ್ಕಿ ಇಳಿದು ಆಕ್ಸಿಲರೇಟರ್ ಒತ್ತಿದಾಗ ನಾನು ಕನ್ನಡಿ ನೋಡಿದೆ, ಅವ್ವ ಹೊರಳಿ ಹಿಂದಿನ ಗಾಜಿನಲ್ಲೇ ನೋಡಿದಳು. ಹಿಂದೆ ಒಂದು ಹಾಲಿನ ಟ್ಯಾಂಕರ್ ಬಿಟ್ಟರೆ ಏನೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ 2019ರ ಸಾಲಿನ ಕೆಳಗೆ ಈಗ ನನ್ನ ಅಕ್ಷರ ಇದೆ. ನಡುವಿನ ನಾಲ್ಕು ವರ್ಷಕ್ಕೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.