ಬೆಂಗ್ರೆಗೆ ಬೈಕು, ಕೈಗೆ ಜೋಮು!

ಪರದೆಯ ಮೇಲೆ ನಾಯಕನಟ ಬೈಕು ಓಡಿಸುವಾಗ ಅವನ ಕೈ ನಡುಗಿದ್ದನ್ನು ಎಂದಾದರೂ ನೋಡಿದ್ದೀರಾ? ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ' (1975) ಚಿತ್ರದ ಜೋಡಿ ಸೈಡ್‌ಕಾರ್ ಬೈಕಿನಲ್ಲಿ ಹಾಡುತ್ತಾ ಹೋಗುತ್ತದೆ. '777 ಚಾರ್ಲಿ'ಯ (2022) ನಾಯಕ ಸೈಡ್‌ಕಾರಿನಲ್ಲಿ ನಾಯಿಯನ್ನು ಕೂರಿಸಿಕೊಂಡು ಹಿಮಾಲಯದ ಹಾದಿ ಹಿಡಿಯುತ್ತಾನೆ. ಇಳಿದ ಮೇಲೆ ಬೆರಳು ಕೊಡವಿಕೊಂಡು, 'ಅಬ್ಬಾ, ಜೋಮು ಹಿಡೀತು' ಎನ್ನುವ ಶಾಟ್ ನಿಮಗೆ ನೆನಪಿದೆಯೇ? ನನಗಂತೂ ಇಲ್ಲ.

ಸಿನಿಮಾದ ಮಾತು ಬಿಡಿ. ನಿಮ್ಮ ಬೈಕಿನ ನಿಜಗುಣ ಏನೆಂದು ತಿಳಿಯಬೇಕಿದ್ದರೆ ಮಂಗಳೂರಿಗೆ ಬನ್ನಿ. ಅಲ್ಲಿಂದ ಬೆಂಗ್ರೆಗೆ ಗಾಡಿ ಬಿಡಿ!

ಎದುರಿಗೇ ಕಾಣುವ ದೂರದ ಊರು

ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಮಲಗಿದ ಮರಳಿನ ಪಟ್ಟಿ. ಕರಾವಳಿಯಲ್ಲಿ ಇಂಥವು ಇನ್ನೂ ಇವೆ. ಉಡುಪಿ ಕಡೆಯ ಕೋಡಿಬೆಂಗ್ರೆಯ ಹೆಸರು ನೀವು ಕೇಳಿರಬಹುದು. ಮಂಗಳೂರಿನಲ್ಲಿರುವುದು ತೋಟ ಬೆಂಗ್ರೆ, ಕಸಬಾ ಬೆಂಗ್ರೆ. ಒಂದು ಬದಿಗೆ ಫಲ್ಗುಣಿ, ಅಂದರೆ ಹಳಬರ ಗುರುಪುರ ಹೊಳೆ. ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ತೆಂಕಣ ತುದಿಯಲ್ಲಿ ನೇತ್ರಾವತಿಯೂ ಬಂದು ಕೂಡುವ ಅಳಿವೆಬಾಗಿಲು. ಮೊಗವೀರರು, ಬ್ಯಾರಿಗಳು, ದೋಣಿ, ಬಲೆ, ಮೀನು... ಇದೇ ಇಲ್ಲಿಯ ಬದುಕು.

ಬಂದರಿನ ದಕ್ಕೆಯಲ್ಲಿ ನಿಂತರೆ ಬೆಂಗ್ರೆಯ ಮನೆಗಳು ಎದುರಿಗೇ ಕಾಣುತ್ತವೆ. ಫೆರಿ ಹತ್ತಿದರೆ ಕೆಲವೇ ನಿಮಿಷದ ದಾರಿ. ಆದರೆ ಬೈಕಿನವನಿಗೆ ಆ ಭಾಗ್ಯವಿಲ್ಲ! ಕೊಟ್ಟಾರ, ಕೂಳೂರು, ತಣ್ಣೀರುಬಾವಿ ಎಂದು ಹತ್ತು ಕಿಲೋಮೀಟರಿಗೂ ಮೀರಿದ ಸುತ್ತು ಹಾಕಬೇಕು. ಹೆದ್ದಾರಿ, ತಿರುವು, ಓಣಿ, ಮರಳು ಎಲ್ಲವೂ ಈ ಒಂದೇ ದಾರಿಯಲ್ಲಿ ಸಿಗುತ್ತವೆ. ಬೈಕಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹಾಲ್ ಟಿಕೆಟ್ ಯಾವುದು?

ಇಂಜಿನ್ನಿನ ಜಗ್ಗಾಟ

ಕೊಟ್ಟಾರ ಚೌಕಿಯಿಂದ ಮುಂದೆ ಹೆದ್ದಾರಿ 66. ಟ್ಯಾಂಕರು, ಕಂಟೇನರುಗಳ ದರ್ಬಾರು. ಎಡಗಡೆ ಒಂದೇ ವೇಗದಲ್ಲಿ ಹೋಗುತ್ತಿರಿ. ಸ್ವಲ್ಪ ಹೊತ್ತಿನಲ್ಲಿ ಅಂಗೈಯಲ್ಲಿ ಇರುವೆ ಹರಿದಂತಾಗುತ್ತದೆ. ಯಾಕೆ?

ನಮ್ಮ ಬೈಕುಗಳಲ್ಲಿ ಹೆಚ್ಚಿನವು ಒಂಟಿ ಸಿಲಿಂಡರಿನವು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. 6000 ಆದರೆ 100 ಸಲ! ಪ್ರತಿ ಸಲ ತುದಿ ಮುಟ್ಟಿ ಹಿಂದಿರುಗುವಾಗ ಇಡೀ ಇಂಜಿನ್ನನ್ನೇ ಜಗ್ಗುತ್ತದೆ. ಇದನ್ನು ತಡೆಯಲು ಕ್ರ್ಯಾಂಕಿಗೆ ಎದುರು ತೂಕ ಕೂರಿಸುತ್ತಾರೆ. ಪೂರ್ತಿ ಸರಿದೂಗಿಸಲು ಹೋದರೆ ಮೇಲೆ-ಕೆಳಗಿನ ನಡುಕ ಹಿಂದೆ-ಮುಂದಿನ ನಡುಕವಾಗುತ್ತದೆ, ಅಷ್ಟೆ. ಹಾಗಾಗಿ ಸುಮಾರು ಅರ್ಧಕ್ಕೆ ರಾಜಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಬಂದ 250 ಸಿಸಿಯ ಜಾವಾ, ಯೆಜ್ಡಿಗಳೂ ಒಂಟಿ ಸಿಲಿಂಡರಿನವೇ. ಎದುರು ದಿಕ್ಕಿಗೆ ತಿರುಗಿ ನಡುಕವನ್ನು ಕೊಲ್ಲುವ ಬ್ಯಾಲೆನ್ಸರ್ ಶಾಫ್ಟ್ ಎಂಬುದೊಂದಿದೆ. ಎನ್‌ಫೀಲ್ಡಿನ 350 ಸಿಸಿಗೆ ಅದು ಬಂದಿದ್ದು 2020ರ ಮೀಟಿಯರ್‌ನಿಂದ. ಬುಲೆಟ್ಟಿಗೆ ಬರುವಾಗ 2023!

ಇನ್ನು ಹ್ಯಾಂಡಲ್. ಅದು ಟೊಳ್ಳು ಪೈಪು. ತಂಬೂರಿಯ ತಂತಿಗಿರುವಂತೆ ಅದಕ್ಕೂ ತನ್ನದೇ ಒಂದು ಶ್ರುತಿ ಇದೆ. ಇಂಜಿನ್ನಿನ ನಡುಕ ಆ ಶ್ರುತಿಗೆ ಕೂಡಿದರೆ ಹ್ಯಾಂಡಲ್ ಕುಣಿಯತೊಡಗುತ್ತದೆ. ಒಂದು ವೇಗದಲ್ಲಿ ಜೋರಾಗಿ ನಡುಗಿ, ಅದನ್ನು ದಾಟಿದ ಕೂಡಲೇ ತಣ್ಣಗಾಗುವುದು ಇದಕ್ಕೇ.

ಕೂಳೂರು ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಲಾರಿಗಳ ಕಾಟ ಕಡಿಮೆ. ಹಿಂದೆ ಮುಂದೆ ವಾಹನ ಇಲ್ಲದಾಗ ಒಂದು ಪರೀಕ್ಷೆ ಮಾಡಿ. ಕ್ಲಚ್ ಹಿಡಿದು ಎಕ್ಸಲೇಟರ್ ಬಿಡಿ. ನಡುಕ ನಿಂತಿತೋ, ಅದು ಇಂಜಿನ್ ಕಡೆಯದು. ಗಾಡಿ ಉರುಳುತ್ತಿರುವಷ್ಟು ಹೊತ್ತೂ ನಡುಗಿದರೆ ಚಕ್ರ, ಟೈರು ಅಥವಾ ಕೋನ್‌ಸೆಟ್ ನೋಡಬೇಕು.

ಮೊಬೈಲಿಗೂ ಜೋಮು!

ತಣ್ಣೀರುಬಾವಿಗೆ ಬಂದರೆ ಗಾಳಿಮರದ ಸದ್ದು, ಕಡಲಿನ ಸದ್ದು. ಭಾನುವಾರ ಸಂಜೆ ಇಲ್ಲಿ ತರುಣರ ಜಾತ್ರೆ. ಹ್ಯಾಂಡಲ್ಲಿಗೆ ಮೊಬೈಲ್ ಸಿಕ್ಕಿಸಿ ಹೀರೋ ಸ್ಟೈಲಿನಲ್ಲಿ ಚಿತ್ರೀಕರಣ! ಮಿತ್ರರೇ, ಒಂದು ವಿಷಯ ತಿಳಿದಿರಲಿ. ಬೈಕಿನ ಹ್ಯಾಂಡಲ್ಲಿನ ನಡುಕ ಐಫೋನಿನ ಕ್ಯಾಮೆರಾವನ್ನು ಕೆಡಿಸಬಹುದು ಎಂದು 2021ರಲ್ಲಿ ಆ ಕಂಪೆನಿಯೇ ಎಚ್ಚರಿಸಿತ್ತು. ಚಿತ್ರ ಅಲುಗದಂತೆ ನೋಡಿಕೊಳ್ಳುವ ಒಳಗಿನ ಸೂಕ್ಷ್ಮ ಭಾಗಕ್ಕೆ ಈ ಅದುರಾಟ ಆಗಿಬರುವುದಿಲ್ಲವಂತೆ. ಸಾವಿರಾರು ರೂಪಾಯಿಯ ಮೊಬೈಲ್ ತಾಳದ ನಡುಕವನ್ನು ನಮ್ಮ ಬೆರಳುಗಳು ದಿನಾ ತಾಳುತ್ತಿವೆ. ಏನಂತೀರಿ?

ಮರಳಿದ್ದರೂ ತುಂಬಬೇಡಿ

ಬೆಂಗ್ರೆಯೊಳಗೆ ಬಂದರೆ ರಸ್ತೆ ಓಣಿಯಾಗುತ್ತದೆ. ಓಣಿಯ ಅಂಚು ಮರಳಾಗುತ್ತದೆ. ಮೊದಲು ಕಣ್ಣಿಗೆ ಬೀಳುವುದು ತುಕ್ಕು. ಉಪ್ಪುಗಾಳಿ ನಟ್ಟು-ಬೋಲ್ಟನ್ನು ತಿನ್ನುತ್ತದೆ, ಚೈನನ್ನು ಒಣಗಿಸುತ್ತದೆ. ಬಿಸಿಲು, ಬೆವರು, ಮೀನೆಣ್ಣೆ ಸೇರಿ ಗ್ರಿಪ್ಪಿನ ರಬ್ಬರು ಒಂದೋ ಅಂಟಾಗುತ್ತದೆ, ಇಲ್ಲ ಕಲ್ಲಾಗುತ್ತದೆ.

"ಗ್ರಿಪ್ ಹಾಕುದು ಎಷ್ಟೊತ್ತಿನ ಕೆಲ್ಸ ಮಾರಾಯ್ರೆ? ಮೊದ್ಲು ನಡುಗುದು ಎಲ್ಲಿಂದ ಅಂತ ನೋಡ್ಬೇಕಲ್ಲ," ಎಂದರು ಇಲ್ಲಿ ಸ್ಪಾನರ್ ಹಿಡಿದು ಕೂತಿದ್ದ ಮೆಕ್ಯಾನಿಕ್ ಅಣ್ಣ. ದೋಣಿಯ ಇಂಜಿನ್ ರಿಪೇರಿಯಲ್ಲಿ ಪಳಗಿದ ಕೈ ಅವರದು. ಅವರ ಕ್ರಮ ಹೀಗೆ: ಮೊದಲು ಇಂಜಿನ್ನನ್ನು ಚಾಸಿಗೆ ಹಿಡಿದಿರುವ ಬೋಲ್ಟು. ಆಮೇಲೆ ಚೈನಿನ ಬಿಗಿ ಮತ್ತು ಎಣ್ಣೆ. ಆಮೇಲೆ ಹ್ಯಾಂಡಲ್ ಕ್ಲಾಂಪು, ಅದರಡಿ ರಬ್ಬರ್ ಬುಷ್ ಇದ್ದರೆ ಅದು. ಕೊನೆಗೆ ಕೋನ್‌ಸೆಟ್ ಮತ್ತು ಟೈರಿನ ಗಾಳಿ. ತುಕ್ಕು ಹಿಡಿದ ಬೋಲ್ಟಿಗೆ ಜೋರು ಹಾಕಿದರೆ ಮರೆ ಹೋಗುತ್ತದೆ. ಎಣ್ಣೆ ಬಿಟ್ಟು ಕಾಯಬೇಕು.

ಇಷ್ಟಾದರೂ ನಡುಕ ಉಳಿದರೆ ಹ್ಯಾಂಡಲ್ಲಿನ ಎರಡೂ ತುದಿಗೆ ತೂಕದ ಗುಂಡು ಹಾಕಬೇಕು. ತುದಿ ಭಾರವಾದರೆ ಪೈಪಿನ ಶ್ರುತಿ ತಗ್ಗುತ್ತದೆ, ಕುಣಿತ ಕಡಿಮೆಯಾಗುತ್ತದೆ. ಕೆಲವರು ಪೈಪಿನೊಳಗೆ ಸೀಸದ ಗುಂಡೋ ಮರಳೋ ತುಂಬುವುದುಂಟು. ಬೆಂಗ್ರೆಯಲ್ಲಿ ಮರಳಿಗೇನು ಬರ! ಆದರೆ ಕಡಲ ಮರಳಿನಲ್ಲಿ ಉಪ್ಪಿದೆ. ಪೈಪನ್ನು ಒಳಗಿಂದಲೇ ತಿಂದು ಹಾಕುತ್ತದೆ. ಒಂದು ಕಣ ಎಕ್ಸಲೇಟರಿನ ಕೊಳವೆಗೆ ಸೇರಿದರೂ ಅದು ಸಿಕ್ಕಿಹಾಕಿಕೊಳ್ಳಬಹುದು. ಆ ಕೆಲಸ ಬೇಡವೇ ಬೇಡ.

ಗ್ರಿಪ್ ಬದಲಿಸುವ ಹದ

ಹಳೆಯದನ್ನು ಬಿಸಾಡುವುದಾದರೆ ಉದ್ದಕ್ಕೆ ಬ್ಲೇಡಿನಲ್ಲಿ ಸೀಳಿ. ಬಲಗಡೆ ಅಡಿಯಲ್ಲಿ ಪ್ಲಾಸ್ಟಿಕ್ ಕೊಳವೆ ಇದೆ, ಬ್ಲೇಡು ಆಳಕ್ಕೆ ಹೋಗಬಾರದು. ಉಳಿಸಿಕೊಳ್ಳುವುದಾದರೆ ಸೈಕಲ್ ಕಡ್ಡಿಯನ್ನು ಒಳಗೆ ತೂರಿಸಿ, ಸೋಪಿನ ನೀರು ಬಿಟ್ಟು ತಿರುಚಿ ಎಳೆಯಿರಿ. ಎಡಗಡೆಯ ಪೈಪು ಸಾಮಾನ್ಯವಾಗಿ 22 ಮಿಲಿಮೀಟರ್. ಬಲಗಡೆ ಕೊಳವೆಯ ಮೇಲೆ ಕೂರುವುದರಿಂದ ಆ ಗ್ರಿಪ್ಪಿನ ತೂತು ದೊಡ್ಡದು. ಅದಲು ಬದಲು ಮಾಡಿದರೆ ಒಂದು ಹತ್ತುವುದಿಲ್ಲ, ಇನ್ನೊಂದು ನಿಲ್ಲುವುದಿಲ್ಲ!

ಪೈಪಿನ ತುಕ್ಕು ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಎಣ್ಣೆ, ಗ್ರೀಸ್ ಮುಟ್ಟಿಸಲೇಬಾರದು. ಓಡುವಾಗ ಗ್ರಿಪ್ ಕೈಗೇ ಕಿತ್ತು ಬಂದರೆ ಗತಿ ಏನು? ರಬ್ಬರ್ ಗಮ್ ತೆಳ್ಳಗೆ ಸವರಿ, ಒಂದೇ ಸಲಕ್ಕೆ ತಿರುಚುತ್ತ ತಳ್ಳಿ. ಒಂದು ರಾತ್ರಿ ಒಣಗಲಿ. ಬಲಗಡೆ ಸ್ವಿಚ್ಚಿನ ಪೆಟ್ಟಿಗೆಗೂ ತುದಿಯ ಗುಂಡಿಗೂ ತಾಗದಂತೆ ಸ್ವಲ್ಪ ಸಂದು ಬಿಡಿ. ಆಮೇಲೆ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಎಲ್ಲಿದ್ದರೂ ಎಕ್ಸಲೇಟರ್ ಬಿಟ್ಟ ಕೂಡಲೇ ತಾನಾಗಿ ಹಿಂದೆ ಬರಬೇಕು. ಬರದಿದ್ದರೆ ಗಾಡಿ ಹತ್ತಲೇಬೇಡಿ.

ಫೋಮ್ ಗ್ರಿಪ್ ಮೆತ್ತಗೆ, ನಿಜ. ಆದರೆ ಕರಾವಳಿಯ ಮಳೆಗಾಲದಲ್ಲಿ ಅದು ನೀರು ಕುಡಿದ ಸ್ಪಂಜು. ಬಹಳ ದಪ್ಪದ ಗ್ರಿಪ್ಪಿಗೆ ಸಣ್ಣ ಕೈಯವರು ಗಟ್ಟಿ ಹಿಡಿಯಬೇಕಾಗುತ್ತದೆ. ಗಟ್ಟಿ ಹಿಡಿದಷ್ಟೂ ನಡುಕ ಕೈಗೆ ಹೆಚ್ಚು ಏರುತ್ತದೆ. ಹಿಡಿತ ಸಡಿಲವಿರಲಿ, ಬ್ರೇಕಿನ ಮೇಲೆ ಬೆರಳಿರಲಿ.

ಐಸಿನ ಪೆಟ್ಟಿಗೆಯ ಹಿಂದಿನ ಕೈ

ಇದೆಲ್ಲ ಬರೀ ಶೋಕಿಯ ಮಾತಲ್ಲ. ದಕ್ಕೆಯಲ್ಲಿ ಮೀನು ತುಂಬಿಕೊಂಡು ಊರೂರು ಸುತ್ತುವ ಬೆಂಗ್ರೆಯ ಒಬ್ಬ ಕಾಕನ ಜೊತೆ ಚಹಾ ಕುಡಿದೆ. ಗಾಡಿಯ ಹಿಂದೆ ಐಸಿನ ಪೆಟ್ಟಿಗೆ. "ಬೆಳಿಗ್ಗೆ ಐಸಿಗೆ ಕೈ ಹಾಕಿದ್ರೆ ಎರಡು ಬೆರಳು ಬಿಳಿಯಾಗ್ತದೆ. ಆಮೇಲೆ ಸರಿಯಾಗ್ತದೆ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಕಲ್ಲುಕುಟಿಗರಲ್ಲಿ ಇದನ್ನೇ ಕಂಡಿದ್ದರು. ಗಾಳಿಯ ಸುತ್ತಿಗೆ ಹಿಡಿದು ವರ್ಷಗಟ್ಟಲೆ ದುಡಿದವರ ಬೆರಳು ಚಳಿ ತಾಗಿದರೆ ಬಿಳುಚಿ, ಸತ್ತಂತಾಗುತ್ತಿತ್ತು. ನಡುಕ ಬೆರಳಿನ ನರವನ್ನೂ ಸಣ್ಣ ರಕ್ತನಾಳವನ್ನೂ ಕೆಡಿಸುತ್ತದೆ. ತಣ್ಣಗಿನದು ತಾಗಿದಾಗ ಆ ಕೇಡು ಹೊರಗೆ ಕಾಣುತ್ತದೆ. ಯುರೋಪಿನಲ್ಲಿ 2002ರ ಕಾನೂನು ಕೆಲಸಗಾರನ ಕೈಗೆ ಏರುವ ನಡುಕಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಮಿತಿ ಹಾಕಿತು. ನಮ್ಮ ಮೀನಿನ ಗಾಡಿಯವರ ಕೈಯನ್ನು ಅಳೆಯುವವರು ಯಾರು?

ಬೈಕಿನಿಂದ ಇಳಿದು ಸ್ವಲ್ಪ ಹೊತ್ತಿನಲ್ಲಿ ಜೋಮು ಹೋದರೆ ಬೋಲ್ಟು, ಗ್ರಿಪ್ ನೋಡಿ. ರಾತ್ರಿ ಮಲಗಿದಾಗಲೂ ಕೈ ಜುಮುಗುಟ್ಟಿದರೆ, ಅಂಗಿಯ ಗುಂಡಿ ಹಾಕಲು ಬೆರಳು ಕೇಳದಿದ್ದರೆ, ಬೆರಳು ಬಿಳಿಯಾದರೆ ಮೆಕ್ಯಾನಿಕ್ ಸಾಲದು, ಡಾಕ್ಟರ ಬಳಿ ಹೋಗಬೇಕು. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯುವುದೂ ತಡವೇ.

ಕಾಕನ ಗಾಡಿಯ ಎಡಗಡೆಯ ಗ್ರಿಪ್ ಹರಿದು ಪೈಪು ಕಾಣುತ್ತಿತ್ತು. ಬಟ್ಟೆ ಸುತ್ತಿ, ಬಲೆಯ ದಾರದಲ್ಲಿ ಬಿಗಿದಿದ್ದರು. ಮೆಕ್ಯಾನಿಕ್ ಅಣ್ಣ ಅದನ್ನು ಬಿಚ್ಚುವ ಮೊದಲು ಬಗ್ಗಿ ಇಂಜಿನ್ನಿನ ಅಡಿ ನೋಡಿದರು. ಹಿಂದಿನ ಬೋಲ್ಟು ಬೆರಳಲ್ಲೇ ತಿರುಗಿತು! "ಕಾಕ, ಎಷ್ಟು ದಿನ ಆಯ್ತು ಹೀಗೆ?"

"ಮಳೆಗಾಲ ಕಳೆದಾಗಿಂದ," ಎಂದರು ಕಾಕ. ಬೋಲ್ಟು ಬಿಗಿಯುವುದರೊಳಗೆ ಆಚೆ ದಡಕ್ಕೆ ಫೆರಿ ಹೊರಟಿತು.