ಗೊಲೊವ್ಕಿನ್ ಗುದ್ದಿನ ತೂಕ ಎಷ್ಟು?

ಬಾಕ್ಸಿಂಗ್ ಅಂದ್ರೆ ನಮ್ಮ ವಯಸ್ಸಿನವರಿಗೆ ನೆನಪಾಗೋದು 2008ರ ಬೀಜಿಂಗ್ ಒಲಿಂಪಿಕ್ಸ್, ವಿಜೇಂದರ್ ಸಿಂಗ್ ಗೆದ್ದ ಕಂಚು. 75 ಕೆ.ಜಿ., ಅಂದರೆ ಮಿಡಲ್‌ವೇಟ್. ಅದಕ್ಕೂ ನಾಲ್ಕು ವರ್ಷ ಮೊದಲು ಅಥೆನ್ಸ್‌ನಲ್ಲಿ ಇದೇ ತೂಕದಲ್ಲಿ ಬೆಳ್ಳಿ ಗೆದ್ದವನು ಕಜಕಸ್ತಾನದ ಗೆನ್ನಾಡಿ ಗೊಲೊವ್ಕಿನ್. ಆಗ ಒಲಿಂಪಿಕ್ಸ್‌ನಲ್ಲಿ ಐವರು ಜಡ್ಜ್‌ಗಳು ಬಟನ್ ಒತ್ತಿ ಅಂಕ ಕೊಡ್ತಿದ್ರು. ಮೂವರು ಒಂದೇ ಸೆಕೆಂಡಿನೊಳಗೆ ಒತ್ತಿದರೆ ಒಂದು ಅಂಕ. ಸುಮ್ಮನೆ ತಾಗಿದ್ದಕ್ಕೂ ಒಂದೇ, ತಲೆ ಗಿರ್ರೆನ್ನಿಸಿದ್ದಕ್ಕೂ ಒಂದೇ. ಗುದ್ದಿನ ಬಲ ಅಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಅದು ಲೆಕ್ಕಕ್ಕೆ ಬಂದಿದ್ದು ಅವನು ವೃತ್ತಿಪರನಾದ ಮೇಲೆ. 45 ಪಂದ್ಯ, 42 ಗೆಲುವು, ಅದರಲ್ಲಿ 37 ನಾಕೌಟ್. 2008ರಿಂದ 2016ರವರೆಗೆ ಸತತ 23. ಫ್ಯಾನ್‌ಗಳು ವಾದ ಮುಗಿಸೋದು ಇಲ್ಲೇ. ಆದರೆ ದಿನವಿಡೀ ಡ್ಯಾಶ್‌ಬೋರ್ಡ್ ನೋಡೋ ನನ್ನಂಥವನಿಗೆ ಪರ್ಸೆಂಟೇಜ್ ಕಂಡ ತಕ್ಷಣ ಅನುಮಾನ ಶುರುವಾಗುತ್ತೆ. ಎದುರಿಗೆ ಇದ್ದವರು ಯಾರು?

ಕಳೆದ ಸಲ ಊರಿಗೆ ಹೋದಾಗ ಜಗಲಿ ಮೇಲೆ ಕೂತು 2014ರ ಡೇನಿಯಲ್ ಗೀಲ್ ಪಂದ್ಯ ನೋಡ್ತಿದ್ದೆ. ಗೀಲ್ ಬಲಗೈಯಲ್ಲಿ ಹೊಡೀತಾನೆ, ಅದು ಸರಿಯಾಗಿಯೇ ಬೀಳುತ್ತೆ. ಅದೇ ಕ್ಷಣ ಗೊಲೊವ್ಕಿನ್ ಬಲಗೈಯೂ ಹೋಗುತ್ತೆ. ಬಿದ್ದವನು ಗೀಲ್. ಚಿಕ್ಕಪ್ಪ ಹಿಂದಿನಿಂದ ಬಗ್ಗಿ ನೋಡಿ, "ಕೈಯಲ್ಲಿ ಹೊಡೀತಿಲ್ಲ ಕಣೋ ಅವ್ನು, ಸೊಂಟದಲ್ಲಿ ಹೊಡೀತಾವ್ನೆ" ಅಂದರು. ಬೂವನಹಳ್ಳಿಯಲ್ಲಿ ಅವರು ಬಾಕ್ಸಿಂಗ್ ಪಂದ್ಯ ನೋಡಿದ್ದೇ ಇಲ್ಲ, ಆದರೆ ಜೀವಮಾನವೆಲ್ಲ ಕೊಡಲಿ ಹಿಡಿದು ಸೌದೆ ಒಡೆದವರು. ಹೇಳಿದ್ದು ನೂರಕ್ಕೆ ನೂರು ಸರಿ. ಹಿಂದಿನ ಕಾಲು ನೆಲ ಒತ್ತಬೇಕು, ಸೊಂಟ ತಿರುಗಬೇಕು, ಆಮೇಲೆ ಭುಜ, ಮುಷ್ಟಿ ಕಟ್ಟಕಡೆಗೆ. ಗೊಲೊವ್ಕಿನ್ ಕೈ ಹಿಂದಕ್ಕೆಳೆದು ಬೀಸೋದು ಕಡಿಮೆ. ಮೊದಲು ಹೆಜ್ಜೆ ಹಾಕಿ ಎದುರಾಳಿಯ ದಾರಿ ಮುಚ್ಚುತ್ತಾನೆ, ಓಡೋಕೆ ಜಾಗ ಇಲ್ಲದಾಗ ಹೊಡೀತಾನೆ. 2013ರಲ್ಲಿ ಮ್ಯಾಥ್ಯೂ ಮ್ಯಾಕ್ಲಿನ್ ಪಕ್ಕೆಗೆ ಹಾಕಿದ ಎಡಗೈ ಹುಕ್ ನೋಡಿ. ಆ ಮನುಷ್ಯ ಹತ್ತು ಎಣಿಸೋದ್ರೊಳಗೆ ಏಳಲೇ ಇಲ್ಲ.

ಹಾಗಾದ್ರೆ ಇವನೇ ಮಿಡಲ್‌ವೇಟ್‌ನ ಅತಿ ಗಟ್ಟಿ ಗುದ್ದಾ? ಒಂದೇ ಏಟಿನ ಲೆಕ್ಕದಲ್ಲಿ ನಾನು ಒಪ್ಪಲ್ಲ. 1990ರಲ್ಲಿ ಜೂಲಿಯನ್ ಜಾಕ್ಸನ್, ಹಿಂದೆ ಬಿದ್ದಿದ್ದ ಪಂದ್ಯದಲ್ಲಿ, ಹೆರಾಲ್ ಗ್ರಹಾಂನನ್ನು ಒಂದೇ ಬಲಗೈ ಏಟಿಗೆ ಮಲಗಿಸಿದ. ಅಂಥದ್ದು ಗೊಲೊವ್ಕಿನ್ ಹತ್ತಿರ ಅಪರೂಪ. 2017ರಲ್ಲಿ ಡೇನಿಯಲ್ ಜೇಕಬ್ಸ್ ನಾಲ್ಕನೇ ಸುತ್ತಿನಲ್ಲಿ ಬಿದ್ದರೂ ಎದ್ದು 12 ಸುತ್ತು ಮುಗಿಸಿದ, ಸತತ ನಾಕೌಟ್ ಸರಣಿ ಅಲ್ಲಿಗೆ ನಿಂತಿತು. ಕನೆಲೊ ಅಲ್ವಾರೆಜ್ ಮೂರು ಪಂದ್ಯ, 36 ಸುತ್ತು ಎದುರಿಸಿ ಒಮ್ಮೆಯೂ ಬೀಳಲಿಲ್ಲ. ಆದರೆ ಮೊದಲ ಪಂದ್ಯವನ್ನು ಸೌಂಡ್ ಮ್ಯೂಟ್ ಮಾಡಿ ನೋಡಿ. ಕನೆಲೊ ಎಷ್ಟು ಹೊತ್ತು ಹಿಂದಕ್ಕೇ ಸರೀತಿದ್ದ! ಬೀಳದವನನ್ನೂ ಹಿಂದೆ ಸರಿಸೋದು, ಬರೀ ಎಡಗೈ ಜ್ಯಾಬ್‌ನಿಂದ ಅವನ ಪ್ಲಾನೇ ಬದಲಾಗೋ ಹಾಗೆ ಮಾಡೋದು, ನನ್ನ ಪ್ರಕಾರ ಬಲ ಅಳೆಯೋ ಜಾಗ ಅದು. ಯಾವ ರೆಕಾರ್ಡ್ ಪುಸ್ತಕದಲ್ಲೂ ಅದಕ್ಕೆ ಕಾಲಂ ಇಲ್ಲ.

ಇನ್ನು ಆ 37ರಲ್ಲಿ ನನಗೆ ಇಷ್ಟವಾಗದ್ದು 2016ರ ಕೆಲ್ ಬ್ರೂಕ್ ಪಂದ್ಯ. ಬ್ರೂಕ್ ವೆಲ್ಟರ್‌ವೇಟ್, ಎರಡು ತೂಕ ಮೇಲೆ ಬಂದು ಆಡಿದ. ಮೊದಲ ಸುತ್ತುಗಳಲ್ಲಿ ಚೆನ್ನಾಗೇ ಹೊಡೆದ ಕೂಡ. ಐದನೇ ಸುತ್ತಿನಲ್ಲಿ ಅವನಿನ್ನೂ ನಿಂತೇ ಇದ್ದ, ತರಬೇತುದಾರ ಟವೆಲ್ ಎಸೆದರು. ಅಷ್ಟರಲ್ಲಾಗಲೇ ಬಲಗಣ್ಣಿನ ಸುತ್ತಲ ಮೂಳೆ ಮುರಿದಿತ್ತು, ಆಮೇಲೆ ಆಪರೇಷನ್ ಆಯ್ತು. ಗೊಲೊವ್ಕಿನ್ ದಾಖಲೆಯಲ್ಲಿ ಅದೂ ಒಂದು ನಾಕೌಟ್.